ಹನ್ನೊಂದು ತಿಂಗಳ ಮಗಳು ರಾಗಿ ಸರಿ ಉಗುಳ್ತಾಳೆ, ಹಾಲು ಮಾತ್ರ ಕುಡೀತಾಳೆ. ಹುಟ್ಟುಹಬ್ಬದೊಳಗೆ ಮೈ ತುಂಬೋಕೆ ಯಾವ ಪೌಡರ್ ಬೆರೆಸಲಿ?

ಯಾವ ಪೌಡರೂ ಬೇಡ. ಉತ್ತರ ನಿಮ್ಮ ಪ್ರಶ್ನೆಯೊಳಗೇ ಇದೆ: "ದಿನಕ್ಕೆ ಲೀಟರ್ ಹತ್ರ ಹಾಲು ಕುಡೀತಾಳೆ, ಅಷ್ಟಾದ್ರೂ ಹೊಟ್ಟೆಗೆ ಹೋಗ್ತಿದೆಯಲ್ಲ ಅನ್ನೋದೇ ಸಮಾಧಾನ" ಅಂತ ಬರೆದಿದ್ದೀರಿ. ಆ ಸಮಾಧಾನ ನನಗೂ ಇತ್ತು.

ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ, ಮನೇಲಿ ಎರಡು ಸೀಮೆಹಸು. ದೊಡ್ಡ ಮಗಳಿಗೆ ಎಂಟು ತಿಂಗಳಾದಾಗ ನಾನು ಕೆಲಸಕ್ಕೆ ವಾಪಸ್ ಹೋದೆ. ಎದೆಹಾಲು ಕಡಿಮೆ ಆಗ್ತಾ ಬಂತು. ಬೆಳಿಗ್ಗೆ ಕ್ಯಾನು ಡೈರಿಗೆ ಹೋಗೋ ಮುಂಚೆ ಮಗುವಿಗೆ ಅಂತ ಒಂದು ಲೀಟರ್ ಎತ್ತಿಡೋದು ರೂಢಿ ಆಯ್ತು. ಅತ್ತೆ ಮೇಲೆ ಹಾಕಲ್ಲ; ಬಾಟಲಿ ತಂದಿದ್ದೂ ನಾನೇ, "ಸರಿ ತಿನ್ನದಿದ್ರೆ ಹಾಲು ಕೊಟ್ಬಿಡಿ ಅತ್ತೆ" ಅಂದಿದ್ದೂ ನಾನೇ. ಮಗು ಗುಂಡಗಿತ್ತು. ಬಂದ ನೆಂಟರೆಲ್ಲ "ಬರ್ತಾ ಬರ್ತಾ ಬೆಳ್ಳಗಾಗ್ತಿದ್ದಾಳೆ" ಅಂತ ಹೊಗಳೋರು. ಹತ್ತೂವರೆ ತಿಂಗಳಿಗೆ ಗೋಡೆ ಸುಣ್ಣ ಕೆರೆದು ನೆಕ್ಕೋಕೆ ಶುರು ಮಾಡಿದಳು, ಅದಕ್ಕೂ ನಕ್ಕೆವು. ಒಂದು ಜ್ವರಕ್ಕೆ ಅಂತ ಹೋದಾಗ ಡಾಕ್ಟರು ಅವಳ ಅಂಗೈ ಬಿಡಿಸಿ ತಮ್ಮ ಅಂಗೈ ಪಕ್ಕ ಇಟ್ಟು ನೋಡಿದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.2 ಬಂತು. ಡಾಕ್ಟರು 11ರ ಆಸುಪಾಸು ಇರಬೇಕಿತ್ತು ಅಂದರು. ಬೆಳ್ಳಗಾಗಿದ್ದಲ್ಲ ಅದು, ರಕ್ತ ಇಲ್ಲದೆ ಬಿಳಿಚಿಕೊಂಡಿದ್ದು.

ತಪ್ಪು ಒಂದೇ, ಆದರೆ ಅದನ್ನ ಪೂರ್ತಿ ಬಿಡಿಸಿ ಹೇಳ್ತೀನಿ. ನಾನು ಹಾಲನ್ನ ನೀರಿನ ಸಾಲಿಗೆ ಸೇರಿಸಿದ್ದೆ, ಊಟದ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಹಸುವಿನ ಹಾಲು 100 ಮಿಲಿಗೆ ಸುಮಾರು 65 ಕ್ಯಾಲೊರಿ. ಲೀಟರ್‌ಗೆ 650. ಎಂಟೂವರೆ ಕೆಜಿ ತೂಗೋ ಮಗುವಿಗೆ ಇಡೀ ದಿನಕ್ಕೆ ಬೇಕಾಗೋದು ಕೆಜಿಗೆ ಸುಮಾರು 80 ಕ್ಯಾಲೊರಿ, ಅಂದರೆ 680. ಕೂಡಿಸಿ ಕಳೆದು ನೋಡಿ, ಸರಿಗೆ ಉಳಿದಿದ್ದು ಎರಡು ಚಮಚದಷ್ಟು ಹಸಿವು. ಉಗುಳೋದು ಹಟ ಅಲ್ಲ, ರಾಗಿ ಮೇಲಿನ ಸಿಟ್ಟೂ ಅಲ್ಲ. ಹೊಟ್ಟೇಲಿ ಜಾಗ ಇಲ್ಲ, ಅಷ್ಟೇ.

ಇನ್ನು ಆ ಲೀಟರ್ ಹಾಲಲ್ಲಿ ಏನಿದೆ? ಕ್ಯಾಲ್ಸಿಯಂ ಬೇಕಾದಷ್ಟಿದೆ, ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ತಾಯಿ ಹೊಟ್ಟೆಯಿಂದ ಮಗು ಹೊತ್ತು ತರೋ ಕಬ್ಬಿಣದ ದಾಸ್ತಾನು ಸುಮಾರು ಆರು ತಿಂಗಳಿಗೆ ಮುಗಿಯುತ್ತೆ, ಆಮೇಲಿನದು ಊಟದಿಂದಲೇ ಬರಬೇಕು. ಎದೆಹಾಲಲ್ಲೂ ಕಬ್ಬಿಣ ಕಡಿಮೆಯೇ, ಆದರೆ ಇರೋದು ಮೈಗೆ ಚೆನ್ನಾಗಿ ಹತ್ತುತ್ತೆ. ಹಸುವಿನ ಹಾಲಿನದು ಹತ್ತಲ್ಲ. ಸಾಲದ್ದಕ್ಕೆ ಆ ಹಾಲಿನ ಕ್ಯಾಲ್ಸಿಯಂ ಮತ್ತು ಪ್ರೋಟೀನು, ಜೊತೆಗೆ ತಿಂದ ಸೊಪ್ಪು ಬೇಳೆಯ ಕಬ್ಬಿಣಕ್ಕೂ ಅಡ್ಡ ನಿಲ್ಲುತ್ತೆ. ವರ್ಷದೊಳಗಿನ ಕೆಲವು ಮಕ್ಕಳಿಗೆ ಕರುಳಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವೂ ಒಸರುತ್ತೆ. ಬರೋದಿಲ್ಲ, ಬಂದದ್ದು ಹತ್ತಲ್ಲ, ಇರೋದು ಸೋರಿ ಹೋಗುತ್ತೆ. ನಾಟಿ ಹಸು, ಎಮ್ಮೆ, ಪ್ಯಾಕೆಟ್, ಎಲ್ಲಕ್ಕೂ ಇದೇ ಕತೆ. "ಮನೆ ಹಾಲು" ಅನ್ನೋ ಹೆಮ್ಮೆಯಿಂದ ಕಬ್ಬಿಣ ಹುಟ್ಟಲ್ಲ. ನೀರು ಬೆರೆಸಿ ಕೊಟ್ಟರೂ ಹೊಟ್ಟೆ ತುಂಬೋದು ತುಂಬೇ ತುಂಬುತ್ತೆ. ನಿಮ್ಮ ಪೌಡರ್ ಬೆರೆಸಿದರೆ ಹಾಲು ಇನ್ನೂ ಸಿಹಿಯಾಗಿ, ಇನ್ನೊಂದು 100 ಮಿಲಿ ಜಾಸ್ತಿ ಕುಡೀತಾಳೆ. ಅದಕ್ಕೇ ಬೇಡ ಅಂದಿದ್ದು.

ಹಗಲು ಬೆಳಕಲ್ಲಿ ಮಗುವಿನ ಕೆಳಗಿನ ಕಣ್ಣುರೆಪ್ಪೆ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ, ಅಂಗೈ ನಿಮ್ಮದರ ಪಕ್ಕ ಇಟ್ಟು ನೋಡಿ. ಬಿಳಿಚಿಕೊಂಡಿದ್ದರೆ, ಮಣ್ಣು ಸುಣ್ಣಕ್ಕೆ ಬಾಯಿ ಹಾಕ್ತಿದ್ದರೆ, ಅಥವಾ ಎರಡೂ ಇಲ್ಲದಿದ್ದರೂ ತಿಂಗಳುಗಟ್ಟಲೆ ಲೀಟರ್ ಹಾಲು ಹೋಗಿದ್ದರೆ, ಒಂದು ಸಿಬಿಸಿ ರಕ್ತ ಪರೀಕ್ಷೆ ಮಾಡಿಸಿ. ಹುಟ್ಟುಹಬ್ಬ ಮುಗೀಲಿ ಅಂತ ಕಾಯಬೇಡಿ, ನಾನು ಕಾಯ್ದೆ.

ಹಾಲು ಇಳಿಸೋದು ಹೇಗೆ ಅಂದರೆ, ಒಂದೇ ದಿನ ನಿಲ್ಲಿಸಬೇಡಿ, ಮನೆಯವರೆಲ್ಲ ಸೋತು ಮೂರನೇ ದಿನಕ್ಕೆ ಮತ್ತೆ ಬಾಟಲಿ ಹಿಡೀತೀರಿ. ಮೊದಲು ಊಟಕ್ಕೆ ಅಡ್ಡ ಬರೋ ಬಾಟಲಿ ತೆಗೀರಿ, ಅಂದರೆ ಬೆಳಿಗ್ಗೆ ಹತ್ತರದ್ದು ಮತ್ತು ಸಂಜೆದ್ದು. ಮೂರು ದಿನಕ್ಕೆ ಒಂದು. ಆ ಹೊತ್ತಿಗೆ ಅತ್ತರೆ ಎರಡು ಗುಟುಕು ನೀರು, ಒಂದು ತುಂಡು ಬಾಳೆಹಣ್ಣು. ಊಟಕ್ಕೆ ಎರಡು ಗಂಟೆ ಮುಂಚೆ ಹಾಲಿನ ಹೆಸರೇ ಎತ್ತಬೇಡಿ. ರಾತ್ರಿ ಬಾಟಲಿ ಕೊನೆಗೆ: ಎರಡು ರಾತ್ರಿಗೊಮ್ಮೆ 30 ಮಿಲಿ ಕಡಿಮೆ ಮಾಡುತ್ತಾ ಬನ್ನಿ, 60ಕ್ಕೆ ಬಂದ ಮೇಲೆ ನಿಲ್ಲಿಸಿ. ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗೋ ಮಕ್ಕಳ ಮುಂದಿನ ಹಲ್ಲು ಮೊಳೆತ ಸ್ವಲ್ಪ ದಿನಕ್ಕೇ ಹುಳುಕಾಗುತ್ತೆ, ಅದು ಬೇರೆ ರಗಳೆ. ಉಳಿದ ಹಾಲನ್ನ ಸಣ್ಣ ಸ್ಟೀಲ್ ಲೋಟದಲ್ಲಿ ಒಂದು ಸಲಕ್ಕೆ 30 ಮಿಲಿ ಹಾಕಿ ಕುಡಿಸಿ. ಮನೇಲಿ ಹಳೇ ಒಳಲೆ ಇದ್ದರೆ ಅದೂ ಆಗುತ್ತೆ. ಚೆಲ್ಲಿಕೊಳ್ಳಲಿ ಬಿಡಿ. ಲೋಟದಲ್ಲಿ ಯಾವ ಮಗುವೂ ಬಾಟಲಿಯಷ್ಟು ಕುಡಿಯಲ್ಲ, ನಮಗೆ ಬೇಕಾಗಿರೋದೂ ಅದೇ.

ವರ್ಷ ತುಂಬೋವರೆಗೆ ಎದೆಹಾಲು ಸ್ವಲ್ಪವಾದರೂ ಇದ್ದರೆ ಮೊದಲು ಅದು. ಪೂರ್ತಿ ನಿಂತಿದ್ದರೆ ಡಾಕ್ಟರನ್ನ ಕೇಳಿ ಫಾರ್ಮುಲಾ ಕೊಡಿ, ಅದಕ್ಕೆ ಕಬ್ಬಿಣ ಸೇರಿಸಿರ್ತಾರೆ. ಸರಿಗೆ ಎರಡು ಚಮಚ ಹಸುವಿನ ಹಾಲು, ಮಧ್ಯಾಹ್ನ ಮೊಸರನ್ನ, ಇದಕ್ಕೆಲ್ಲ ತೊಂದರೆ ಇಲ್ಲ. ವರ್ಷ ತುಂಬಿದ ಮೇಲೆ ಹಸುವಿನ ಹಾಲು ದಿನಕ್ಕೆ 400, ಹೆಚ್ಚೆಂದರೆ 500 ಮಿಲಿ. "ಮೂಳೆ ಗಟ್ಟಿಯಾಗಬೇಕಲ್ಲ" ಅಂತ ಅತ್ತೆ ಕೇಳಿದರೆ, 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, 100 ಮಿಲಿ ಹಾಲಲ್ಲಿ ಸುಮಾರು 120 ಮಾತ್ರ ಅಂತ ಹೇಳಿ. ನಮ್ಮತ್ತೆ ಈ ಒಂದು ಮಾತಿಗೇ ಸೋತಿದ್ದು.

ಈಗ ರಾಗಿಗೆ ಬರ್ತೀನಿ. ಹನ್ನೊಂದು ತಿಂಗಳಾದರೂ ನೀರು ಸರಿಯೇ ಕೊಡ್ತಿದ್ದರೆ, ಉಗುಳೋದಕ್ಕೆ ಅದೂ ಒಂದು ಕಾರಣ. ಒಂಬತ್ತು ಹತ್ತು ತಿಂಗಳಿಗೆ ಹಿಸುಕಿದ, ಗಂಟುಗಂಟಾದ ಊಟ ಬಾಯಿಗೆ ಬೀಳಬೇಕು. ಆ ಹೊತ್ತು ದಾಟಿಸಿದ ಮಕ್ಕಳು ಆಮೇಲೆ ಗಟ್ಟಿ ಊಟಕ್ಕೆ ತುಂಬಾ ಸತಾಯಿಸ್ತಾರೆ. ಮುದ್ದೆ ಕೊಡಿ, ಆದರೆ ನಮ್ಮ ಹಾಗೆ ನುಂಗೋ ಗಟ್ಟಿ ಮುದ್ದೆ ಅಲ್ಲ. ನಾವು ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು ಇಟ್ಟರೆ, ಮಗುವಿಗೆ ಮೂರು ಲೋಟ. ನೆಲ್ಲಿಕಾಯಿ ಗಾತ್ರ ತೆಗೆದು ಮಸ್ಸೊಪ್ಪಿನಲ್ಲಿ ಪೂರ್ತಿ ಕಿವುಚಿ, ಅಂಟು ಬಿಟ್ಟ ಮೇಲೆ, ಮೇಲೊಂದು ಚಮಚ ತುಪ್ಪ. ಮಸ್ಸೊಪ್ಪಿಗೆ ದಂಟು, ನುಗ್ಗೆ ಸೊಪ್ಪು, ತೊಗರಿಬೇಳೆ, ಎರಡು ಟೊಮೇಟೊ. ಉಪ್ಪು ಖಾರ ಹಾಕೋ ಮುಂಚೆ ಮಗುವಿನ ಪಾಲು ಎತ್ತಿಡಿ. ಟೊಮೇಟೊ ಇಲ್ಲಿ ರುಚಿಗಲ್ಲ: ಸೊಪ್ಪು ಬೇಳೆಯ ಕಬ್ಬಿಣ ಮೈಗೆ ಹತ್ತಬೇಕಾದರೆ ಜೊತೆಗೆ ಸಿ ವಿಟಮಿನ್ ಬೇಕು. ಬೇಯಿಸಿದಾಗ ಅದು ಸ್ವಲ್ಪ ಹೋಗುತ್ತೆ, ಹಾಗಾಗಿ ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ. ಕಬ್ಬಿಣದ ಬಾಣಲೇಲಿ ಮಾಡಿದರೆ ಟೊಮೇಟೊ ಹುಳಿಗೆ ಬಾಣಲೆಯ ಕಬ್ಬಿಣವೂ ಸ್ವಲ್ಪ ಇಳಿಯುತ್ತೆ. ಮಾಡಿದ ತಕ್ಷಣ ಬೇರೆ ಪಾತ್ರೆಗೆ ಬಗ್ಗಿಸಿ, ಇಲ್ಲದಿದ್ದರೆ ಕಪ್ಪಾಗುತ್ತೆ.

ಮಾಂಸ ತಿನ್ನೋ ಮನೆಯಾದರೆ ಕೆಲಸ ಅರ್ಧ ಹಗುರ. ವಾರಕ್ಕೊಮ್ಮೆ ಕೋಳಿ ಲಿವರ್ ಚೆನ್ನಾಗಿ ಬೇಯಿಸಿ ನುಣ್ಣಗೆ ಹಿಸುಕಿ ಒಂದೆರಡು ಚಮಚ, ಅದಕ್ಕಿಂತ ಹೆಚ್ಚು ಬೇಡ, ಎ ವಿಟಮಿನ್ ಜಾಸ್ತಿ ಆಗುತ್ತೆ. ಪೂರ್ತಿ ಬೆಂದ ಮೊಟ್ಟೆ ದಿನ ಬಿಟ್ಟು ದಿನ. ಮಾಂಸದ ಕಬ್ಬಿಣ ಸೊಪ್ಪಿನದಕ್ಕಿಂತ ಸುಲಭವಾಗಿ ಹತ್ತುತ್ತೆ. ಮಾಂಸ ತಿನ್ನದವರು ಮೊಳಕೆ ಹೆಸರುಕಾಳು, ಹುರುಳಿ, ಸಿಪ್ಪೆ ತೆಗೆದ ಅವರೆ ಬೇಯಿಸಿ ಹಿಸುಕಿ ಕೊಡಿ, ನಿಂಬೆ ಮರೀಬೇಡಿ.

ಸರಿ ಬಿಡಲೇಬೇಕು ಅಂತಿಲ್ಲ, ಬೆಳಗಿನ ಹೊತ್ತಿಗೆ ಇರಲಿ, ಆದರೆ ಮೊಳಕೆ ರಾಗೀದು. ಒಂದು ಕೆಜಿ ರಾಗಿ ಗಾಳಿಸಿ ಕಲ್ಲು ತೆಗೆದು, ನಾಲ್ಕೈದು ನೀರಲ್ಲಿ ತೊಳೆದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ಬಸಿದು ಒದ್ದೆ ಹತ್ತಿ ಬಟ್ಟೇಲಿ ಕಟ್ಟಿ, ಬಟ್ಟೆ ಒಣಗದ ಹಾಗೆ ಆಗಾಗ ನೀರು ಚಿಮುಕಿಸಿ. ಬೇಸಿಗೇಲಿ 24 ಗಂಟೆ, ಚಳೀಲಿ 36. ಹುಳಿ ವಾಸನೆ ಬಂದರೆ ನೀರು ಸರಿಯಾಗಿ ಬಸಿದಿಲ್ಲ ಅಂತ ಅರ್ಥ, ಆ ರಾಗಿ ದನಕ್ಕೆ ಹಾಕಿ, ಮಗುವಿಗೆ ಬೇಡ. ಬಿಸಿಲಲ್ಲಿ ಎರಡು ದಿನ ಒಣಗಿಸಿ, ಅಂಗೈಲಿ ಉಜ್ಜಿ ಮೊಳಕೆ ಕೇರಿ ತೆಗೆದು, ಸಣ್ಣ ಉರಿಯಲ್ಲಿ ಘಮ ಬರೋವರೆಗೆ ಮಾತ್ರ ಹುರೀರಿ. ಕಪ್ಪಗೆ ಹುರಿದರೆ ಮೊಳಕೆಯ ಗುಣ ಸತ್ತುಹೋಗುತ್ತೆ. ಮೊಳಕೆ ಬರಿಸೋದರಿಂದ ಕಬ್ಬಿಣ ಹಿಡಿದಿಡೋ ಫೈಟೇಟ್ ಕಡಿಮೆ ಆಗುತ್ತೆ, ಸರಿಯೂ ತೆಳ್ಳಗಾಗುತ್ತೆ. ಹಾಗಾಗಿ ಅಷ್ಟೇ ನೀರಿಗೆ ಇನ್ನೊಂದು ಚಮಚ ಹಿಟ್ಟು ಹಿಡಿಸುತ್ತೆ, ಪುಟ್ಟ ಹೊಟ್ಟೆಗೆ ಅದೇ ಲಾಭ. ಮಿಲ್ಲಲ್ಲಿ ಮೆಣಸಿನಕಾಯಿ ಬೀಸಿದ ಹಿಂದೆಯೇ ಹಾಕಿಸಬೇಡಿ, ಮೊದಲು ಬೀಳೋ ಎರಡು ಹಿಡಿ ಹಿಟ್ಟು ಬೇರೆ ತೆಗೀರಿ. ಇನ್ನು ವಸ್ತ್ರಗಾಳಿತ ಬೇಡ, ಸಾದಾ ಜರಡಿ ಸಾಕು. ಬಟ್ಟೇಲಿ ಸೋಸಿದಾಗ ತೌಡಿನ ಜೊತೆ ಕ್ಯಾಲ್ಸಿಯಂ ಕಬ್ಬಿಣವೂ ಹೋಗುತ್ತೆ.

ನೀರಿನ ವಿಷಯ ಯಾರೂ ಹೇಳಲ್ಲ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತೆ. ಸರಿ, ಫಾರ್ಮುಲಾ ಎರಡಕ್ಕೂ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಕಾಯಿಸಿ ಬಳಸಿ.

ಒಂದು ಹೊತ್ತಿಗೆ 250 ಮಿಲಿ ಬಟ್ಟಲಲ್ಲಿ ಅರ್ಧದಿಂದ ಮುಕ್ಕಾಲು, ದಿನಕ್ಕೆ ಮೂರು ನಾಲ್ಕು ಸಲ, ನಡುವೆ ಒಂದೆರಡು ಸಲ ಹಣ್ಣು. ಮೊದಲ ವಾರ ನಾಲ್ಕೇ ಚಮಚ ತಿಂದರೂ ಅಲ್ಲಿಗೇ ನಿಲ್ಲಿಸಿ, ಹಿಂದೆಯೇ ಹಾಲು ಕೊಡಬೇಡಿ. ಇದೇ ಕಷ್ಟದ ಜಾಗ. ಅಜ್ಜ ಟೀಯಲ್ಲಿ ಬಿಸ್ಕತ್ತು ಅದ್ದಿ ಕೊಡ್ತಿದ್ದರೆ ಇವತ್ತೇ ನಿಲ್ಲಿಸಿ, ಟೀ ಒಗರು ಕಬ್ಬಿಣಕ್ಕೆ ಹಾಲಿಗಿಂತ ಕೆಟ್ಟದ್ದು.

ಪರೀಕ್ಷೆಯಲ್ಲಿ ರಕ್ತ ಕಡಿಮೆ ಬಂದರೆ ಊಟ ಒಂದರಿಂದಲೇ ಏರಲ್ಲ, ಔಷಧಿ ಬೇಕೇ ಬೇಕು. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆರಡು ಸಲ 1 ಮಿಲಿ ಕೊಡೋ ಸರ್ಕಾರಿ ಕಬ್ಬಿಣದ ಸಿರಪ್ ಬಗ್ಗೆ ಆಶಾ ಅಕ್ಕನ ಹತ್ತಿರ ಕೇಳಿ. ಅದು ರಕ್ತ ಕಡಿಮೆ ಆಗದ ಹಾಗೆ ಕಾಯೋಕೆ. ಆಗಲೇ ಕಡಿಮೆ ಆಗಿದ್ದರೆ ಡಾಕ್ಟರು ತೂಕ ನೋಡಿ ದಿನಾ ಕೊಡೋ ಡೋಸ್ ಬರೀತಾರೆ, ಎರಡನ್ನೂ ನೀವೇ ಸೇರಿಸಿ ಕೊಡಬೇಡಿ. ಹಾಲಿನ ಜೊತೆ ಬೇಡ, ಊಟಕ್ಕೆ ಒಂದು ಗಂಟೆ ಮುಂಚೆ, ಕೆನ್ನೆ ಒಳಗೆ ಹಿಂದಕ್ಕೆ ಬಿಡಿ, ಮುಂದೆ ಬಿಟ್ಟರೆ ಹಲ್ಲಿಗೆ ಕರೆ ಹಿಡಿಯುತ್ತೆ. ಕಕ್ಕ ಕಪ್ಪಗಾಗುತ್ತೆ, ಹೆದರಿ ನಿಲ್ಲಿಸಬೇಡಿ. ನಾವು ಹಿಮೋಗ್ಲೋಬಿನ್ 11 ಮುಟ್ಟಿದ ಮೇಲೂ ಎರಡು ತಿಂಗಳು ಮುಂದುವರಿಸಿದೆವು, ದಾಸ್ತಾನು ತುಂಬಬೇಕು ಅಂತ ಡಾಕ್ಟರು ಹೇಳಿದ್ದರು. ಸಿರಪ್ ಬಾಟಲಿ ಮಾತ್ರ ಮಕ್ಕಳ ಕೈಗೆ ಎಟುಕದ ಮೇಲಿನ ಶೆಲ್ಫಲ್ಲಿ: ಸಿಹಿ ಅಂತ ದೊಡ್ಡ ಮಗು ಪೂರ್ತಿ ಕುಡಿದುಬಿಟ್ಟರೆ ಅದು ವಿಷ.

ಹುಟ್ಟುಹಬ್ಬದ ದಿನ ಕೇಕು ಬೆರಳ ತುದೀಲಿ ನೆಕ್ಕಿದರೆ ಏನೂ ಆಗಲ್ಲ. ಇಡೀ ಕಡಲೆಬೀಜ, ದ್ರಾಕ್ಷಿ, ಒಡೆದ ಬಲೂನಿನ ಚೂರು ಮಗುವಿನ ಕೈಗೆ ಸಿಗದಿರಲಿ. ಬಾಯಿಗೆ ಜೇನು ಸವರೋ ಹಿರಿಯರಿದ್ದರೆ ವರ್ಷ ತುಂಬಿದ ಮೇಲೆ ಸವರಲಿ, ಒಂದು ದಿನ ಮುಂಚೆಯೂ ಬೇಡ.

ಮೈ ತುಂಬೋ ಮಾತು: ವರ್ಷದ ಹೆಣ್ಣು ಮಗು ಸರಾಸರಿ 9 ಕೆಜಿ ಹತ್ತಿರ ಇರ್ತಾಳೆ, 7ಕ್ಕಿಂತ ಕಡಿಮೆ ಇದ್ದರೆ ಮಾತ್ರ ತೂಕದ ಬಗ್ಗೆ ಡಾಕ್ಟರ ಹತ್ತಿರ ಓಡಿ. ಹಾಲು ಇಳಿಸಿದ ಮೇಲೆ ಒಂದೆರಡು ವಾರ ತೂಕ ನಿಂತ ಹಾಗೆ ಕಾಣಬಹುದು. ಹಾಗಾಗಿ ಹುಟ್ಟುಹಬ್ಬದ ಫ್ರಾಕನ್ನ ಈಗಿನ ಅಳತೆಗೇ ತಗೊಳ್ಳಿ.