ಮ್ಯೂಆನ್ ಯಾವ ಮನೆತನದ್ದು?

ಪ್ರಶ್ನೆ: ಸರ್, ನಮ್ಮ ಸೋದರಮಾವನ ಹಳೇ ಫಿಸಿಕ್ಸ್ ಪುಸ್ತಕದಲ್ಲಿ ‘ಮ್ಯೂ ಮೆಸಾನ್’ ಅಂತ ಇದೆ. ನಮ್ಮ ಮೇಡಂ ಮ್ಯೂಆನ್ ಅಂದರೆ ಲೆಪ್ಟಾನ್ ಅನ್ನುತ್ತಾರೆ. ಯಾವುದು ಸರಿ?
– ಪಿಯುಸಿ ವಿದ್ಯಾರ್ಥಿನಿ, ಶಹಾಪುರ

ಉತ್ತರ: ಮೇಡಂ ಹೇಳಿದ್ದೇ ಸರಿ ತಂಗಿ. ಆದರೆ ಮಾವನ ಪುಸ್ತಕ ಜೋಪಾನವಾಗಿ ಇಟ್ಟುಕೋ. ನಾನು ಕಲಬುರಗಿಯಲ್ಲಿ ಪಾಠ ಮಾಡುತ್ತಿದ್ದಾಗ ಯಾರಾದರೂ ಈ ಪ್ರಶ್ನೆ ಕೇಳಿದರೆ ಅವತ್ತಿನ ಪಾಠ ಬದಿಗಿಟ್ಟು ಇದನ್ನೇ ಹೇಳುತ್ತಿದ್ದೆ.

1935ರಲ್ಲಿ ಜಪಾನಿನ ಯುಕಾವಾ, ನ್ಯೂಕ್ಲಿಯಸ್ಸನ್ನು ಬಿಗಿಯಾಗಿ ಹಿಡಿದಿಡುವ ಒಂದು ಕಣ ಇರಲೇಬೇಕು ಎಂದರು. ಎಲೆಕ್ಟ್ರಾನಿಗಿಂತ ಭಾರ, ಪ್ರೋಟಾನಿಗಿಂತ ಹಗುರ. ಮರುವರ್ಷವೇ ಆಂಡರ್ಸನ್ ಮತ್ತು ನೆಡರ್‌ಮೇಯರ್, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಲ್ಲಿ ಅಂಥದ್ದೊಂದನ್ನು ಕಂಡರು. ಅದೇ ಮ್ಯೂಆನ್. ಎಲೆಕ್ಟ್ರಾನಿನ 207 ಪಟ್ಟು ತೂಕ. ನಡುವಿನ ತೂಕದ್ದು ಅಂತ ಮೆಸಾನ್ ಗುಂಪಿಗೆ ಸೇರಿಸಿದರು. ಹಗುರವಾದವು ಲೆಪ್ಟಾನ್, ಭಾರದವು ಬೇರಿಯಾನ್. ಆಗ ತಕ್ಕಡಿಯೇ ಎಲ್ಲವನ್ನೂ ತೀರ್ಮಾನಿಸುತ್ತಿತ್ತು.

ಈ ಹುಡುಕಾಟದಲ್ಲಿ ನಮ್ಮ ದೇಶದ ಹೆಣ್ಣುಮಗಳೂ ಇದ್ದರು. ಬಿಭಾ ಚೌಧುರಿ. ಡಿ.ಎಂ. ಬೋಸ್ ಜೊತೆ ಡಾರ್ಜಿಲಿಂಗ್ ಬೆಟ್ಟದಲ್ಲಿ ಫೋಟೋ ಪ್ಲೇಟುಗಳನ್ನಿಟ್ಟು ಮೆಸಾನ್ ಗುರುತುಗಳನ್ನು ಅಳೆದವರು. ಆ ಹೆಸರು ನಿನಗೆ ಗೊತ್ತಿರಬೇಕು.

ಆದರೆ ಮ್ಯೂಆನ್ ನ್ಯೂಕ್ಲಿಯಸ್ಸಿನ ಹತ್ತಿರ ಹೋದರೂ ಯುಕಾವಾ ಕಣದಷ್ಟು ಬಲವಾಗಿ ಅದಕ್ಕೆ ಅಂಟುತ್ತಿರಲಿಲ್ಲ. ರೋಮ್‌ನ ಮೂವರು ಇದನ್ನು ಪ್ರಯೋಗದಲ್ಲಿ ತೋರಿಸಿಕೊಟ್ಟರು. 1947ರಲ್ಲಿ ಪವೆಲ್ ತಂಡಕ್ಕೆ ಇನ್ನೊಂದು ಕಣ ಸಿಕ್ಕಿತು, ಪೈ ಮೆಸಾನ್. ಯುಕಾವಾ ಹೇಳಿದ ಕಣ ಅದು.

ಚೀಲದ ತೂಕ ನೋಡಿ ಒಳಗಿರುವುದು ತೊಗರಿಯೋ ಜೋಳವೋ ಅಂತ ನಮ್ಮ ಗಂಜಿನಲ್ಲಿ ಯಾರಾದರೂ ಹೇಳುತ್ತಾರಾ? ಬಿಚ್ಚಿ ನೋಡಬೇಕು, ಅಲ್ವಾ? ಈಗಿನ ವಿಂಗಡಣೆಯೂ ಹಾಗೇ. ಪ್ರೋಟಾನಿನಂಥ ಕಣಗಳ ಒಳಗಿರುವ ಇನ್ನೂ ಸಣ್ಣ ಕಣವೇ ಕ್ವಾರ್ಕ್. ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಇದ್ದರೆ ಮೆಸಾನ್. ಮೂರು ಕ್ವಾರ್ಕ್ ಇದ್ದರೆ ಬೇರಿಯಾನ್. ಪ್ರೋಟಾನ್, ನ್ಯೂಟ್ರಾನ್ ಇಲ್ಲಿಗೆ ಸೇರುತ್ತವೆ. ಮೆಸಾನ್, ಬೇರಿಯಾನ್ ಎರಡಕ್ಕೂ ಸೇರಿಸಿ ಹೇಡ್ರಾನ್ ಅನ್ನುತ್ತಾರೆ. ಲೆಪ್ಟಾನಿನಲ್ಲಿ ಕ್ವಾರ್ಕ್ ಇಲ್ಲ, ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಪ್ರಬಲ ಬಲ ಅದನ್ನು ಮುಟ್ಟುವುದಿಲ್ಲ. ಮ್ಯೂಆನ್ ಹಾಗಿದೆ. 1975ರಲ್ಲಿ ಸಿಕ್ಕ ಟೌ ಕಣ ಪ್ರೋಟಾನಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಆದರೂ ಅದು ಲೆಪ್ಟಾನ್!

ಫರ್ಮಿಯಾನ್, ಬೋಸಾನ್ ಅನ್ನುವುದು ಬೇರೆಯದೇ ವಿಂಗಡಣೆ. ಅದು ಸ್ಪಿನ್, ಅಂದರೆ ಕಣಕ್ಕೆ ಹುಟ್ಟಿನಿಂದಲೇ ಇರುವ ತಿರುಗುವಿಕೆಯಂಥ ಗುಣದ ಮೇಲೆ ನಿಂತಿದೆ. ಮ್ಯೂಆನ್ ಫರ್ಮಿಯಾನ್, ಪೈ ಮೆಸಾನ್ ಬೋಸಾನ್.

ಪರೀಕ್ಷೆಯಲ್ಲಿ ‘ಮ್ಯೂಆನ್, ಲೆಪ್ಟಾನ್’ ಎಂದೇ ಬರೆ. ಮಾವನ ಪುಸ್ತಕದಲ್ಲಿ ಪೈ ಮೆಸಾನ್ ಅಂತ ಕಂಡರೆ ತಿದ್ದಬೇಡ. ಅದು ಇವತ್ತಿಗೂ ಸರಿ.