ಯಾವ ಇಂಪ್ಲಾಂಟ್ ಅನ್ನೋದು ಆಮೇಲೆ, ಮನೆಯಲ್ಲಿ ಕಾಲು ನೆಟ್ಟಗೆ ಮಾಡಿಸೋರು ಯಾರು?

ನಿಮ್ಮ ತಾಯಿಗೆ 62 ವರ್ಷ, ಎರಡೂ ಮಂಡಿ ಸವೆದಿದೆ. ಪಿಆರ್‌ಪಿ (ಅವರದೇ ರಕ್ತದಿಂದ ತೆಗೆದ ಅಂಶವನ್ನು ಮಂಡಿಗೆ ಚುಚ್ಚೋ) ಇಂಜೆಕ್ಷನ್ನಾ, ಮಂಡಿ ಬದಲಿಸೋ ಆಪರೇಷನ್ನಾ, ಆಪರೇಷನ್ ಆದರೆ ಯಾವ ಇಂಪ್ಲಾಂಟ್ (ಒಳಗೆ ಹಾಕುವ ಕೃತಕ ಕೀಲು), ರೋಬೋಟ್ ನೆರವಿನಿಂದ ಮಾಡೋ ರೋಬೋಟಿಕ್‌ ಆಪರೇಷನ್‌ಗೆ ಹೆಚ್ಚು ದುಡ್ಡು ಕೊಡಬೇಕಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆಗಳನ್ನು ಹೊತ್ತು ಮಂಡ್ಯದಿಂದ ಮೈಸೂರಿಗೆ ಓಡಾಡಿದವನು ನಾನು. ಅದಕ್ಕೇ ಮೊದಲೇ ಹೇಳ್ತೀನಿ, ನೀವು ಕೇಳಬೇಕಾಗಿದ್ದ ಪ್ರಶ್ನೆ ಈ ನಾಲ್ಕರಲ್ಲಿ ಒಂದೂ ಅಲ್ಲ.

ನಮ್ಮವ್ವ ಗದ್ದೆ ಕೆಲಸದವಳು. ನಾಟಿ, ಕಳೆ, ದನಕ್ಕೆ ಕಬ್ಬಿನ ಸೋಗೆ ಹೊರೋದು, ಎಲ್ಲ ಅವಳೇ. ಮಂಡಿ ನೋವು ಶುರುವಾದಾಗ ಎಕ್ಕದ ಎಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಕಟ್ಟಿಕೊಂಡಳು. ಆಮೇಲೆ ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ. ಅದು ವರ್ಷಗಟ್ಟಲೆ ನಡೆಯಿತು. ಬಿಪಿ ಇದ್ದವರು ಈ ಮಾತ್ರೆಗಳನ್ನು ಹೀಗೆ ನುಂಗಿದರೆ ಬಿಪಿಯೂ ಏರುತ್ತೆ, ಕಿಡ್ನಿಗೂ ಪೆಟ್ಟು ಅಂತ ಗೊತ್ತಾಗಿದ್ದು ತಡವಾಗಿ. ಒಂದು ಸಲ ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು, ಕೆಲವು ವಾರ ಹಾಯಾಗಿದ್ದಳು. ಮತ್ತೆ ಅದೇ ಕತೆ. ಕೊನೆಗೆ ಮೈಸೂರಿನ ಡಾಕ್ಟರು ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಮಲಗಿಸಿ ತೆಗೆದಿದ್ದ ಹಳೆಯ ಫಿಲ್ಮಿನಲ್ಲಿ ಮೂಳೆಗಳ ನಡುವೆ ಸ್ವಲ್ಪ ಜಾಗ ಕಾಣುತ್ತಿತ್ತು. ಮೈಭಾರ ಬಿದ್ದಾಗ ಒಳಬದಿಯಲ್ಲಿ ಮೂಳೆಗೆ ಮೂಳೆಯೇ ತಾಗುತ್ತಿತ್ತು. ಗ್ರೇಡ್ 4, ಅಂದರೆ ಕೊನೆಯ ಹಂತ.

ಅಲ್ಲಿಂದ ನಾನು ನಿಮ್ಮ ಹಾಗೇ ಇಂಪ್ಲಾಂಟ್ ಹಿಂದೆ ಬಿದ್ದೆ. ಕೋಬಾಲ್ಟ್ ಕ್ರೋಮಿಯಮ್ಮಾ, ಟೈಟಾನಿಯಮ್ಮಾ, ಯಾವ ದೇಶದ್ದು, ಎಷ್ಟು ವರ್ಷ ಬಾಳುತ್ತೆ. ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಂಡಿ ಇಂಪ್ಲಾಂಟ್‌ಗೆ ಗರಿಷ್ಠ ಬೆಲೆ ಕಟ್ಟಿದಾಗ ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಮ್‌ಗೆ ಜಿಎಸ್‌ಟಿ ಬಿಟ್ಟು 54,720 ರೂಪಾಯಿ ಇತ್ತು ಅನ್ನೋದನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ಪೂರ್ತಿ ಮಂಡಿ ಬದಲಾವಣೆಯಲ್ಲಿ ಶೇ. 82ರಷ್ಟು 25 ವರ್ಷ ಬಾಳಿವೆ. ಅಂದರೆ ನಿಮ್ಮ ತಾಯಿಯ ವಯಸ್ಸಿಗೆ ಲೋಹ ಯಾವುದು ಅಂತ ತಲೆ ಕೆಡಿಸಿಕೊಳ್ಳೋದು ಬೇಡವೇ ಬೇಡ. ಆ ಡಾಕ್ಟರ ಕೈ ಯಾವುದಕ್ಕೆ ಪಳಗಿದೆಯೋ ಅದೇ ಸಾಕು.

ಮೊದಲು ಒಂದು ಮಂಡಿಯ ಆಪರೇಷನ್, ಚೆನ್ನಾಗೇ ಆಯಿತು. ಮಾರನೇ ದಿನವೇ ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿದರು. ಡಿಸ್ಚಾರ್ಜ್ ಆಗುವಾಗ ವ್ಯಾಯಾಮದ ಚಿತ್ರಗಳಿದ್ದ ಇಂಗ್ಲಿಷ್ ಹಾಳೆಯೊಂದನ್ನು ಫೈಲಿಗೆ ಸಿಕ್ಕಿಸಿ ಕೊಟ್ಟರು. ಅದನ್ನು ಅವ್ವನಿಗೆ ಯಾರೂ ಓದಿ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಊರಿಗೆ ಬಂದ ರಾತ್ರಿ ಅವ್ವ, 'ಮಂಡಿ ಕೆಳಕ್ಕೆ ಒಂದು ದಿಂಬು ಮಡಗು ಮಗ' ಅಂದಳು. ಇಟ್ಟೆ. ತಕ್ಷಣ ಮುಖ ಸಡಿಲವಾಯಿತು, ನಿದ್ದೆ ಬಂತು. ಅವತ್ತಿನಿಂದ ಆ ದಿಂಬು ಅಲ್ಲೇ ಉಳಿಯಿತು. ನೋಡೋಕೆ ಬಂದ ಅತ್ತೆ, ಚಿಕ್ಕಮ್ಮಂದಿರೆಲ್ಲ ಅದನ್ನು ಇನ್ನಷ್ಟು ಎತ್ತರ ಮಾಡಿ ಹೋದರು.

ಈ ದಿಂಬಿನ ವಿಷಯ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ದಯವಿಟ್ಟು ಓದಿ. ಆಪರೇಷನ್ ಆದ ಮಂಡಿ ಒಳಗೆಲ್ಲ ಊದಿಕೊಂಡು ನೀರು ತುಂಬಿರುತ್ತೆ. ಸ್ವಲ್ಪ ಮಡಚಿದಾಗ ಕೀಲಿನೊಳಗೆ ಜಾಗ ಹೆಚ್ಚಾಗಿ ಒತ್ತಡ ಇಳಿಯುತ್ತೆ. ಹಾಯೆನಿಸೋದು ಅದಕ್ಕೆ. ಆದರೆ ಅದೇ ವಾರಗಳಲ್ಲಿ ಒಳಗೆ ಗಾಯ ಮಾಯುತ್ತಾ ಬಿಗಿಯುತ್ತಿರುತ್ತೆ. ಕಾಲು ಯಾವ ಸ್ಥಿತಿಯಲ್ಲಿ ಹೆಚ್ಚು ಹೊತ್ತು ಇರುತ್ತೋ ಅದಕ್ಕೇ ಹೊಂದಿಕೊಂಡು ಮಂಡಿಯ ಹಿಂಬದಿಯ ಪೊರೆಯೂ ತೊಡೆಯ ಹಿಂದಿನ ಸ್ನಾಯುಗಳೂ ಗಿಡ್ಡವಾಗುತ್ತವೆ. ಆಮೇಲೆ ನೆಟ್ಟಗೆ ಮಾಡಲು ಹೋದರೆ ಪ್ರಾಣ ಹೋಗುವಷ್ಟು ನೋವು. ನೋವು ಅಂತ ಬಿಟ್ಟರೆ ಇನ್ನೂ ಬಿಗಿ. ಮಂಡಿ ಪೂರ್ತಿ ನೆಟ್ಟಗಾಗದಿದ್ದರೆ ನಿಂತಾಗಲೂ ತೊಡೆಯ ಮುಂಭಾಗದ ಸ್ನಾಯು ಬಿಗಿ ಹಿಡಿದೇ ಇರಬೇಕು, ಅದಕ್ಕೆ ವಿಶ್ರಾಂತಿಯೇ ಇಲ್ಲ. ಆ ಕಾಲು ಗಿಡ್ಡವಾದಂತಾಗಿ ನಡಿಗೆ ಕುಂಟುತ್ತೆ, ಸೊಂಟ ಹಿಡಿಯುತ್ತೆ. ನಾವೆಲ್ಲ ಮಂಡಿ ಎಷ್ಟು ಮಡಚುತ್ತೆ ಅಂತಲೇ ನೋಡುತ್ತಿದ್ದೆವು. ತೊಂಬತ್ತು ಡಿಗ್ರಿ ಮಡಚಿದಳು ಅಂತ ಖುಷಿಪಟ್ಟೆವು. ನೆಟ್ಟಗಾಗುತ್ತಾ ಅಂತ ಯಾರೂ ನೋಡಲಿಲ್ಲ.

ಹೊಲಿಗೆ ಬಿಚ್ಚಿ ಎಷ್ಟೋ ದಿನದ ಮೇಲೆ ಮಂಡ್ಯದಲ್ಲಿ ಒಬ್ಬ ಫಿಸಿಯೋ ಹುಡುಗಿಯನ್ನು ಮನೆಗೆ ಕರೆಸಿದೆ. ಮಂಚದ ಹತ್ತಿರ ಬಂದವಳೇ, 'ಅಣ್ಣ, ಈ ದಿಂಬು ಇಟ್ಟವರು ಯಾರು?' ಅಂದಳು. ಅದನ್ನು ತೆಗೆದು ಟವೆಲ್ ಸುತ್ತಿ ಹಿಮ್ಮಡಿ ಕೆಳಗಿಟ್ಟಳು. ಮಂಡಿ ಗಾಳಿಯಲ್ಲಿ ನಿಂತಿತು. 'ಅಮ್ಮ, ಮಂಡಿಯನ್ನ ಹಾಸಿಗೆಗೆ ಒತ್ತಿ, ಐದು ಎಣಿಸೋವರೆಗೂ ಬಿಡಬೇಡಿ' ಅಂದಳು. ಅವ್ವ ಕಿರುಚಿಕೊಂಡಳು. ನಾನು ಆಚೆ ಹೋಗಿಬಿಟ್ಟೆ. ತಿಂಗಳುಗಟ್ಟಲೆ ಅದೇ ನಡೆಯಿತು. ಬಹಳಷ್ಟು ಸರಿಹೋಯಿತು, ಪೂರ್ತಿ ಹೋಗಲಿಲ್ಲ. ಆ ಕಾಲು ಇವತ್ತಿಗೂ ಸ್ವಲ್ಪ ಬಗ್ಗಿಯೇ ಇದೆ.

ಆಮೇಲೆ ಇನ್ನೊಂದು ಮಂಡಿಯ ಆಪರೇಷನ್ ಆಯಿತು. ಅದೇ ಡಾಕ್ಟರು, ಅದೇ ಕಂಪನಿಯ ಇಂಪ್ಲಾಂಟ್, ಅದೇ ಅವ್ವ. ಈ ಸಲ ಮನೆಯಲ್ಲಿ ದಿಂಬು ಇರಲಿಲ್ಲ, ಮೊದಲ ದಿನದಿಂದ ಫಿಸಿಯೋ ಇದ್ದಳು, ಮಿಕ್ಕ ಹೊತ್ತು ನನ್ನ ಹೆಂಡತಿ ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು. ಆ ಕಾಲು ನೆಟ್ಟಗಿದೆ. ನೀವು ಇಂಪ್ಲಾಂಟ್ ಬಗ್ಗೆ ಕೇಳಿದಾಗ ನನಗೆ ಉತ್ತರವಾಗಿ ಕಾಣೋದು ನಮ್ಮವ್ವನ ಈ ಎರಡು ಕಾಲುಗಳೇ.

ಪಿಆರ್‌ಪಿಗೆ ನನ್ನ ಬೆಂಬಲವಿಲ್ಲ. 2021ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಪ್ರಯೋಗದಲ್ಲಿ, ಅದೂ ಮಂಡಿ ಇಷ್ಟು ಸವೆಯದವರಲ್ಲೇ, ಅದು ಬರೀ ಉಪ್ಪುನೀರಿನ ಇಂಜೆಕ್ಷನ್‌ಗಿಂತ ಹೆಚ್ಚು ಕೆಲಸ ಮಾಡಲಿಲ್ಲ. ಮೂಳೆಗೆ ಮೂಳೆ ತಾಗುವ ಮಂಡಿಗೆ ಆ ದುಡ್ಡು ಸುರಿಯಬೇಡಿ, ಫಿಸಿಯೋಗೆ ಎತ್ತಿಡಿ. ರೋಬೋಟಿಕ್‌ನಲ್ಲಿ ಮೂಳೆ ಕತ್ತರಿಸೋದು ಹೆಚ್ಚು ಕರಾರುವಾಕ್ಕು, ನಿಜ. ಆದರೆ ನೋವಿನಲ್ಲಿ, ನಡಿಗೆಯಲ್ಲಿ ದೊಡ್ಡ ವ್ಯತ್ಯಾಸ ಸಾಬೀತಾಗಿಲ್ಲ. ಈಚೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಅದಾದ ಮೂರು ತಿಂಗಳೊಳಗೆ ಆಪರೇಷನ್ ಮಾಡಿದರೆ ಸೋಂಕಿನ ಭಯ ಹೆಚ್ಚು. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹತೋಟಿಗೆ ತಂದುಕೊಳ್ಳಿ.

ಬಿಪಿಎಲ್ ಕಾರ್ಡ್ ಇದ್ದರೆ ಖಾಸಗಿ ಆಸ್ಪತ್ರೆಗೆ ಅಡ್ವಾನ್ಸ್ ಕಟ್ಟುವ ಮೊದಲು ಸರ್ಕಾರಿ ಆಸ್ಪತ್ರೆಗಳಾದ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಿ ಅಲ್ಲಿ ಸರ್ಕಾರಿ ಯೋಜನೆಯ ಬಗ್ಗೆ ಹೇಳುವ ಆರೋಗ್ಯಮಿತ್ರರನ್ನು ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ಮನೆಯಲ್ಲಿ ಕೂರುವ ಕಕ್ಕಸಿದ್ದರೆ ಆಪರೇಷನ್‌ಗೆ ಮೊದಲೇ ಕಮೋಡ್ ಹಾಕಿಸಿ. ನೆಲದ ಮೇಲೆ ಕೂತು ಮುದ್ದೆ ಉಣ್ಣೋದು ಇನ್ನು ಆಗಲ್ಲ ಅಂತಲೂ ಅವರಿಗೆ ಈಗಲೇ ಹೇಳಿಬಿಡಿ. ಮನೆಗೆ ಬಂದ ಮೇಲೆ ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ, ಗಾಯ ಒಸರಿದರೆ ಬೆಳಗಾಗುವವರೆಗೆ ಕಾಯಬೇಡಿ.

ಡಾಕ್ಟರನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ಡಿಸ್ಚಾರ್ಜ್ ಆದ ಮೇಲೆ ಆರು ವಾರ ನಮ್ಮ ತಾಯಿಯ ಕಾಲನ್ನು ಯಾರು ನೋಡಿಕೊಳ್ಳುತ್ತಾರೆ? ಇದಕ್ಕೆ ನೇರವಾಗಿ ಉತ್ತರ ಕೊಡುವ ಕಡೆ ಮಾಡಿಸಿ. ಮನೆಯಲ್ಲಿ ಪಕ್ಕಕ್ಕೆ ಕೂರುವವರು ಯಾರು ಅಂತ ಅಣ್ಣತಮ್ಮಂದಿರು ಕೂತು ತೀರ್ಮಾನಿಸಿಕೊಳ್ಳಿ. ಅದು ಆಗುವವರೆಗೆ ಆಪರೇಷನ್ ದಿನ ಗೊತ್ತು ಮಾಡಬೇಡಿ.

ಇವತ್ತು ರಾತ್ರಿಯೇ ತಾಯಿಯನ್ನು ಗಟ್ಟಿ ಮಂಚದ ಮೇಲೆ ಕಾಲು ನೀಡಿ ಮಲಗಲು ಹೇಳಿ ಮಂಡಿಯ ಹಿಂಭಾಗ ಹಾಸಿಗೆಗೆ ತಾಗುತ್ತಾ ನೋಡಿ. ತಾಗದೆ ನಿಮ್ಮ ಕೈ ಸಲೀಸಾಗಿ ಕೆಳಗೆ ತೂರಿದರೆ ಮಂಡಿ ಈಗಾಗಲೇ ಬಿಗಿಯಾಗಿರಬಹುದು. ಅದನ್ನು ಡಾಕ್ಟರಿಗೆ ತೋರಿಸಿ, ಆಪರೇಷನ್‌ಗೆ ಮೊದಲೇ ಫಿಸಿಯೋ ಶುರು ಮಾಡಿಸಿ.