ಕಾಸರಗೋಡಿನ ಬೆಟ್ಟದ ತುದಿಯಲ್ಲಿ ಬೆಂಕಿ ಕಾಯುವ ಕೋಣೆ ಇದೆಯೇ?

ಅಮೆರಿಕದಲ್ಲಿ ಕಾಳ್ಗಿಚ್ಚು ಕಾಯಲು ಬೆಟ್ಟದ ತುದಿಯಲ್ಲಿ ಕಟ್ಟಿದ ಗಾಜಿನ ಕೋಣೆಗಳ ಚಿತ್ರ ನೋಡಿದ್ದೀರಿ. ಕಾಸರಗೋಡಿನ ಕಡೆ ಅಂಥದ್ದಕ್ಕೆ ಚಾರಣ ಹೋಗಬಹುದೇ, ಮಾರ್ಚಿನಲ್ಲಿ ಬರಬಹುದೇ ಎಂದು ಕೇಳಿದ್ದೀರಿ. ನಾನು ಹತ್ತಿದ ಇಲ್ಲಿನ ಬೆಟ್ಟಗಳಲ್ಲಿ ಅಂಥ ಕೋಣೆ ಕಂಡಿಲ್ಲ. ಮಾರ್ಚಿನಲ್ಲಂತೂ ಬರಬೇಡಿ.

ಆ ಕೋಣೆಗಳ ಹಿಂದೆ ಅಲ್ಲಿನದೇ ಕಥೆಯಿದೆ. 1910ರ ಆಗಸ್ಟಿನಲ್ಲಿ ಇಡಾಹೊ, ಮೊಂಟಾನಾ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುಹೋಯಿತು. ಅದಾದ ಮೇಲೆ ಶಿಖರಗಳಲ್ಲಿ ಕಾವಲು ಕೋಣೆಗಳು ಹೆಚ್ಚಿದವು. ನಡುವೆ ಒಂದು ದುಂಡು ನಕಾಶೆ, ಅದರ ಸುತ್ತ ತಿರುಗುವ ಉಂಗುರ. ಆಸ್ಬೋರ್ನ್ ಎಂಬವರು ರೂಪಿಸಿದ ಉಪಕರಣ ಅದು. ಹೊಗೆ ಕಂಡ ದಿಕ್ಕನ್ನು ಎರಡು ಶಿಖರಗಳಿಂದ ಗೆರೆ ಎಳೆದು ನೋಡಿದರೆ, ಗೆರೆಗಳು ಕೂಡುವಲ್ಲಿ ಬೆಂಕಿ. ಸಿಡಿಲಿನ ಹೊತ್ತಿಗೆ ಕಾವಲಿನವರು ಗಾಜಿನ ಕಾಲುಗಳ ಸ್ಟೂಲಿನ ಮೇಲೆ ನಿಲ್ಲುತ್ತಿದ್ದರಂತೆ, ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲವಲ್ಲ. ಅಲ್ಲಿ ಸಿಡಿಲೂ ಬೆಂಕಿ ಹಚ್ಚುತ್ತದೆ. ನಮ್ಮಲ್ಲಿ ಹಚ್ಚುವವರು ಹೆಚ್ಚಾಗಿ ನಾವೇ.

ಹಾಗಾಗಿ ಇಲ್ಲಿ ಕಾಯುವವನು ಕೂರುವುದಿಲ್ಲ, ನಡೆಯುತ್ತಾನೆ. ಬೇಸಿಗೆಗೆ ಮುನ್ನ ಹುಲ್ಲು ಸವರಿ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂಥ ಬೋಳು ಪಟ್ಟಿ, ಮಾಡುತ್ತಾರೆ. ನನ್ನ ಭಾವನ ಮನೆ ಪಾಣತ್ತೂರಿನಲ್ಲಿದೆ. ಒಮ್ಮೆ ಫೆಬ್ರವರಿ ಕೊನೆಯಲ್ಲಿ ಅವನೊಂದಿಗೆ ಆ ಕಡೆಯ ಗುಡ್ಡವೊಂದನ್ನು ಹತ್ತುವಾಗ ಕೆಳಗಿನ ಕಣಿವೆಯಲ್ಲಿ ಹೊಗೆ ಕಂಡು ನಾನು ಕೂಗಿಕೊಂಡೆ. ಜೊತೆಗಿದ್ದ ಕಾವಲುಗಾರ ಒಮ್ಮೆ ನೋಡಿ ಮುಖ ತಿರುಗಿಸಿದ. ಯಾರೋ ಗೇರುತೋಟದ ತರಗೆಲೆ ಸುಡುತ್ತಿದ್ದಾರಂತೆ. ಹೇಗೆ ಗೊತ್ತಾಯಿತು ಎಂದರೆ, ಹೊಗೆ ನಿಂತಲ್ಲೇ ನಿಂತಿದೆಯಲ್ಲ, ಹುಲ್ಲಿಗೆ ಹತ್ತಿದ್ದರೆ ಅದು ಸಾಲಾಗಿ ನಡೆಯುತ್ತಿತ್ತು ಎಂದು ಮಲಯಾಳದಲ್ಲಿ ಹೇಳಿದ. ಅವನ ಕೈಯಲ್ಲಿದ್ದ ಆಯುಧ ಒಂದು ಕತ್ತಿ. ಬೆಂಕಿ ಕಂಡರೆ ಅದರಿಂದ ಹಸಿ ಸೊಪ್ಪಿನ ಗೆಲ್ಲು ಕಡಿದು ಬಡಿಯುವುದು, ಅಷ್ಟೇ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹ ನೋಡಿ ಎಚ್ಚರಿಕೆ ಕಳಿಸುತ್ತಿದೆ, ನಿಜ. ಆದರೆ ಉಪಗ್ರಹ ತಲೆಯ ಮೇಲೆ ಹಾದುಹೋಗುವುದು ದಿನಕ್ಕೆ ಕೆಲವೇ ಸಲ.

ನೀವು ಹತ್ತಬೇಕಾದದ್ದು ರಾಣಿಪುರಂ. ಹಳೆಯ ಹೆಸರು ಮಾಡತ್ತುಮಲೆ. ಹೆಸರಿನಲ್ಲಿರುವ ರಾಣಿ ಯಾವ ಅರಸಿಯೂ ಅಲ್ಲ, ಮೇರಿ ಮಾತೆ. ಕಾಞಂಗಾಡಿನಿಂದ ಪಾಣತ್ತೂರಿಗೆ ಹೋಗುವ ಬಸ್ ಹತ್ತಿ ಪನತ್ತಡಿಯಲ್ಲಿ ಇಳಿದು ಜೀಪು ಹಿಡಿಯಿರಿ; ಸುಳ್ಯದವರಾದರೆ ಕಲ್ಲಪಳ್ಳಿಯ ದಾರಿಯಾಗಿ ಪಾಣತ್ತೂರಿಗೇ ಬರಬಹುದು. ಅರಣ್ಯ ಇಲಾಖೆಯ ಟಿಕೆಟ್ ಪಡೆದು ಮೊದಲು ದಟ್ಟ ಕಾಡು, ಆಮೇಲೆ ಬೋಳು ಹುಲ್ಲುಗುಡ್ಡ, ಕೊನೆಗೆ ಬಂಡೆ. ಆ ಬಂಡೆಯ ಮೇಲೆ ನಿಂತರೆ ಒಂದು ಕಡೆ ಕೊಡಗಿನ ತಲಕಾವೇರಿ ಅಭಯಾರಣ್ಯದ ಕಾಡು. ಗಾಜಿನ ಕೋಣೆ ಇಡುವುದಾಗಿದ್ದರೆ ನಾನು ಅಲ್ಲೇ ಇಡುತ್ತಿದ್ದೆ. ಆನೆ ಬಂದ ಸುದ್ದಿಯಿದ್ದರೆ ದಾರಿ ಮುಚ್ಚುತ್ತಾರೆ. ಆಗ ವಾದಕ್ಕೆ ಇಳಿಯಬೇಡಿ. ಮಳೆಗಾಲದಲ್ಲಿ ರಕ್ತ ಹೀರುವ ಉಂಬುಳಗಳ ಕಾಟ. ನವೆಂಬರಿನಿಂದ ಜನವರಿಯೊಳಗೆ ಬನ್ನಿ.

ಮಾರ್ಚ್ ಏಕೆ ಬೇಡ? 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಿಗರು ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿಗೆ ಸಿಕ್ಕರು. 20ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಇಳಿಜಾರನ್ನು ಏರುವಾಗ ಮನುಷ್ಯನಿಗಿಂತ ಬೇಗ ಓಡುತ್ತದೆ. ಕೆಳಗೆ ಹೊಗೆ ಕಂಡರೆ ಹುಲ್ಲಿನಲ್ಲಿ ಮೇಲಕ್ಕೆ ಓಡಬೇಡಿ. ಪಕ್ಕಕ್ಕೆ ಸರಿದು ಬೋಳು ಬಂಡೆಯನ್ನೋ ಆಗಲೇ ಸುಟ್ಟುಹೋದ ಜಾಗವನ್ನೋ ಸೇರಿ. ನಮ್ಮ ಮುಳಿಹುಲ್ಲು ಮಾರ್ಚಿನಲ್ಲಿ ಹೇಗೆ ಒಣಗಿರುತ್ತದೆ ಎಂದು ಕೈಯಲ್ಲಿ ಹಿಸುಕಿ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಸಿಗರೇಟು ಸೇದುವವರಾದರೆ ಲೈಟರನ್ನು ಜೀಪಿನ ಚಾಲಕನ ಕೈಗೆ ಕೊಟ್ಟು ಹತ್ತಿ. ಇಳಿದ ಮೇಲೆ ನೀವಾಗಿ ಕೇಳಿ ತೆಗೆದುಕೊಳ್ಳಿ. ನನ್ನದು ಇನ್ನೂ ಅಲ್ಲೇ ಇದೆ.